ತೊಟ್ಟಿಲಿಗೂ ಕೊಂಡಿ ಹಾಕಿಸಿದವರು

ಯಾರ ಮನೆಗೆ ಹೋದರೂ ನಮ್ಮ ಯಜಮಾನರು ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮಾಳಿಗೆ ನೋಡುತ್ತಿದ್ದರು. ಕತ್ತು ಎತ್ತಿ, ಬಾಯಿ ಸ್ವಲ್ಪ ತೆರೆದು, ತೊಲೆಯಿಂದ ತೊಲೆಗೆ ಕಣ್ಣು ಸರಿಸಿ, ಎಲ್ಲಿ ಸೋರುತ್ತದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಮನಸ್ಸಿಗೆ ತಂದುಕೊಂಡ ಮೇಲೆಯೇ ಕೆಳಗೆ ಕೂತವರಿಗೆ ನಮಸ್ಕಾರ. ನನ್ನ ತವರೂರು ಭೋಜಕ್ಕೆ ನನ್ನನ್ನು ನೋಡಲು ಬಂದ ದಿನವೂ ಹಾಗೇ ಮಾಡಿದರು. ನಮ್ಮ ಸೋನಾಬಾಯಿ ಅತ್ತೆಗೆ ತಡೆಯಲಾಗಲಿಲ್ಲ. "ಹುಡುಗಿ ಕೆಳಗ ಕುಂತಾಳ್ರಿ, ಜಂತ್ಯಾಗ ಇಲ್ಲ" ಅಂದಳು. ಎಲ್ಲರೂ ನಕ್ಕರು. ಇವರು ನಗಲಿಲ್ಲ. "ಬರೋಬ್ಬರಿ ಐತಿ" ಅಂದರು. ಹೊಗಳಿದರೂ, ಬೈದರೂ, ಊಟಕ್ಕೆ ಏಳಿ ಅಂದರೂ ಅವರ ಬಾಯಲ್ಲಿ ಅದೇ ಮಾತು.

ಹೆಸರು ಧರಣೇಂದ್ರ. ಮಾಸ್ತರಾಗಿ ಸೇರಿದ್ದು ರಾಯಬಾಗ ಕಡೆಯ ಒಂದು ತೋಟದ ಶಾಲೆಗೆ. ಅಲ್ಲಿ ಜನ ಊರೊಳಗೆ ಇರುವುದಿಲ್ಲ, ತಮ್ಮ ತಮ್ಮ ಹೊಲದಲ್ಲೇ ಮನೆ ಮಾಡಿರುತ್ತಾರೆ, ಶಾಲೆಯೂ ಅವರ ಹಿಂದೆ ಹೊಲಕ್ಕೆ ಹೋಗಿರುತ್ತದೆ. ಹಂಚು ಒಡೆದಿದ್ದವು. ಮಳೆ ಬಂದರೆ ಮಕ್ಕಳು ಈ ಮೂಲೆಯಿಂದ ಆ ಮೂಲೆಗೆ ಸರಿಯುವುದು, ಪಾಠ ಅವರ ಹಿಂದೆ ಸರಿಯುವುದು. ಮೇಲೆ ನೋಡುವ ಚಾಳಿ ಅಲ್ಲಿಂದ ಹತ್ತಿತು.

ಆಮೇಲೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಕಚೇರಿಗೆ ತೆಗೆದುಕೊಂಡರು. ಶಾಲೆಗಳ ಹೊಸ ಕೋಣೆಗಳ ಕೆಲಸ ನೋಡಿಕೊಳ್ಳುವುದು. ಚಿಕ್ಕೋಡಿ ಜಿಲ್ಲೆ ಆಗಬೇಕೆಂದು ಜನ ಇವತ್ತಿಗೂ ಕೂಗುತ್ತಾರೆ. ಇವರು ಅವರಿಗೆ, "ಸಾಲಿ ಲೆಕ್ಕದಾಗ ಯಾವಾಗೋ ಜಿಲ್ಲಾ ಆಗೇತಿ, ನಿಮಗ ಗೊತ್ತಿಲ್ಲ ಅಷ್ಟ" ಅನ್ನುತ್ತಿದ್ದರು. ಆ ಜಿಲ್ಲೆಯನ್ನು ನಾನು ಕಂಡದ್ದು ಅವರ ಬೂಟಿನ ಮೇಲೆ. ನಿಪ್ಪಾಣಿಯ ಕೆಂಪು ಧೂಳು, ಅಥಣಿಯ ಕರಿಮಣ್ಣು, ಎಲ್ಲದರ ಮೇಲೂ ಸಿಮೆಂಟಿನ ಬೂದಿ. ನಿಪ್ಪಾಣಿಯಲ್ಲಿ ಒಂದೇ ಅಂಗಳದಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಪ್ರಾರ್ಥನೆ ಏಳುತ್ತವೆ, ಮೂರಕ್ಕೂ ಜಾಗ ಸಾಲದು. ನಮ್ಮ ಕಾಗವಾಡದ ಕಡೆ ನೀರು ಬಂದಂತೆ ಕಬ್ಬು ಬಂತು, ಕಬ್ಬು ಬಂದಂತೆ ಜನ ಬಂದರು, ಜನರ ಹಿಂದೆ ಮಕ್ಕಳು. ಒಂದು ಕೋಣೆಯ ಬಣ್ಣ ಆರುವುದರೊಳಗೆ ಇನ್ನೊಂದರ ಪಾಯ ತೋಡಬೇಕು. ನಾವು ಜೈನರು, ಹೊತ್ತು ಮುಳುಗುವ ಮೊದಲು ಉಣ್ಣಬೇಕು. ಇವರು ಡಬ್ಬಿ ಬಿಚ್ಚಿ ಯಾವುದೋ ಪಾಯದ ದಂಡೆಗೆ ಕೂತು ಉಂಡು, ಕತ್ತಲಾದ ಮೇಲೆ ಐನಾಪುರದ ಮನೆಗೆ ಬರುತ್ತಿದ್ದರು.

ದೀಪಾವಳಿ ಆದ ಮೇಲೆ ಮಹಾರಾಷ್ಟ್ರದ ಬೀಡ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗಂಡ ಹೆಂಡತಿ ಇಬ್ಬರೂ ಹೊಲಕ್ಕೆ. ಕೂಸು ಹಿಡಿಯಲು ದೊಡ್ಡ ಹುಡುಗಿ ಗುಡಿಸಲಿನಲ್ಲಿ. ಹೊಸ ಕೋಣೆಯ ಕಿಟಕಿಯ ಹೊರಗೆ ಕೂಸನ್ನು ಬಗಲಲ್ಲಿಟ್ಟುಕೊಂಡು ನಿಂತು ಪಾಠ ಕೇಳುವ ಇಂಥ ಹುಡುಗಿಯರನ್ನು ನಮ್ಮವರು ಬಹಳ ನೋಡಿದ್ದರು. ಒಂದು ವರ್ಷ ಐನಾಪುರದ ಹೊರಗಿನ ಮರಾಠಿ ಶಾಲೆಯ ಸ್ಲ್ಯಾಬ್ ಹಾಕುವಾಗ, ಗೌಂಡಿ ಅಲ್ಲಾಬಕ್ಷನಿಗೆ ಹೇಳಿ ಗೋಡೆಯ ಹತ್ತಿರ ಎರಡು ಕಬ್ಬಿಣದ ಕೊಂಡಿ ಕೂರಿಸಿದರು.

"ಇದು ನಕ್ಷೆದಾಗ ಇಲ್ಲಲ್ರಿ ಸರ" ಅಂದ ಇಂಜಿನಿಯರ ಹುಡುಗ.

"ಫ್ಯಾನಿಗ್ರಿ."

"ಫ್ಯಾನ ಗ್ವಾಡಿ ಹಂತೇಕ ಯಾಕ್ರಿ? ಗ್ವಾಡಿಗೆ ಗಾಳಿ ಬೀಸಾಕೇನ್ರಿ?"

"ಬರೋಬ್ಬರಿ ಐತಿ."

ಕೊಂಡಿಗೆ ಸೀರೆಯ ಜೋಳಿಗೆ ಕಟ್ಟಿದರು. ಅಕ್ಕುತಾಯಿ ಎಂಬ ಗ್ಯಾಂಗಿನವಳ ಮಗಳು ಪೂನಮ ತಮ್ಮನನ್ನು ಅದರಲ್ಲಿ ಮಲಗಿಸಿ ಬರೆಯಲು ಕೂತಳು. ಒಂದು ಕೈಯಲ್ಲಿ ಪೆನ್ಸಿಲು, ಒಂದು ಕೈಯಲ್ಲಿ ಜೋಳಿಗೆಯ ಹಗ್ಗ.

ಮೇಲಿನ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಅವರು ಮಕ್ಕಳಿಗೆ ಮಗ್ಗಿ ಕೇಳುವ ಹೊತ್ತಿಗೇ ಕೂಸು ಅತ್ತಿತು. "ಇದು ಸಾಲಿಯೋ, ಬಾಣಂತಿ ಕೋಣೆಯೋ?" ಅಂದರು. ಕೊಂಡಿ ಕತ್ತರಿಸಿ ಹಾಕಿ ಎಂದು ಹೇಳಿ ಹೋದರು. ಇವರೇ ವೆಲ್ಡರನನ್ನು ಕರೆದು, ಮುಂದೆ ನಿಂತು ಕತ್ತರಿಸಿ ಹಾಕಿಸಿದರು.

"ಎದುರ ಮಾತ ಆಡಲಿಲ್ಲೇನ್ರಿ?" ಅಂದೆ ಮನೆಗೆ ಬಂದ ಮೇಲೆ.

"ಅವರು ಅನ್ನೂದೂ ಖರೇ ಐತಿ. ಕೂಸ ಬಿದ್ದರ ಯಾರ ಗತಿ?"

ಮರುದಿನ ಪೂನಮ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಇವರು ಸರಿಯಾಗಿ ಉಣ್ಣಲಿಲ್ಲ. ಮುಂಜಾನೆ ಎದ್ದು ಗುಡಿಸಲಿನ ಕಡೆ ಹೋದವರು ಬೈಕಿನ ಹಿಂದೆ ಅಕ್ಕುತಾಯಿಯನ್ನು ಕೂರಿಸಿಕೊಂಡು ಬಂದರು. ಅವಳ ಮಡಿಲಲ್ಲಿ ಆ ಕೂಸು. ಅವಳು ನನ್ನ ಮುಖ ನೋಡದೆ ಕೂಸನ್ನು ನನ್ನ ಕೈಗೆ ಕೊಟ್ಟು ಕಬ್ಬಿನ ಹೊಲಕ್ಕೆ ನಡೆದಳು.

ನನಗೆ ಸಿಟ್ಟು ಬಂತು. ನನ್ನ ಮಕ್ಕಳು ದೊಡ್ಡವರಾಗಿ, ತೊಟ್ಟಿಲು ಅಟ್ಟ ಸೇರಿ ಎಷ್ಟೋ ವರ್ಷವಾಗಿತ್ತು. "ಸಾಲಿ ಕಟ್ಟೋರು ನೀವು, ಕೂಸ ಆಡ್ಸಾಕ ನಾನಾ? ಒಂದ ಮಾತ ಕೇಳೂದಿಲ್ಲೇನ್ರಿ?"

"ನೀ ನಾಕನೇತ್ತಾ ಯಾಕ ಬಿಟ್ಟಿ, ಹೇಳ" ಅಂದರು.

ಅಷ್ಟು ವರ್ಷದ ಸಂಸಾರದಲ್ಲಿ ಅವರು ಅದನ್ನು ಕೇಳಿರಲಿಲ್ಲ. ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟದ್ದು ತಮ್ಮ ನಿಲೇಶನನ್ನು ಹೊರಲು. ಅವನು ಬಹಳ ಅಳುತ್ತಿದ್ದ. ಅವ್ವ ಇನ್ನೊಬ್ಬರ ತಂಬಾಕಿನ ಹೊಲಕ್ಕೆ ಹೋಗುತ್ತಿದ್ದಳು.

ಕೂಸನ್ನು ಹೆಗಲಿಗೆ ಹಾಕಿಕೊಂಡೆ. "ಹಾಲ ಕಾಸ್ಲೇನು?" ಅಂದೆ.

"ಬರೋಬ್ಬರಿ ಐತಿ."

ಆ ಹಂಗಾಮು ಪೂರ್ತಿ ಕೂಸು ನಮ್ಮ ಮನೆಯಲ್ಲಿತ್ತು, ಪೂನಮ ಶಾಲೆಯಲ್ಲಿದ್ದಳು. ಸಕ್ಕರೆ ಫ್ಯಾಕ್ಟರಿ ಬಂದ್ ಆಯಿತು, ಗ್ಯಾಂಗು ಹೋಯಿತು. ಮಳೆಗಾಲದಲ್ಲಿ ನಮ್ಮವರಿಗೆ ಎದೆ ನೋವು ಬಂತು. ಮಿರಜಿನ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿಯಿತು.

ದೀಪಾವಳಿ ಆಯಿತು. ಒಂದು ಮುಂಜಾನೆ ಬಾಗಿಲಲ್ಲಿ ಅಕ್ಕುತಾಯಿ. ಉದ್ದ ಬೆಳೆದ ಪೂನಮ ಅವಳ ಪಕ್ಕಕ್ಕೆ. ಆ ಕೂಸು ಈಗ ನಡೆಯುತ್ತಿತ್ತು. ಬಗಲಲ್ಲಿ ಇನ್ನೊಂದು ಹಸುಗೂಸು.

"ಸರ ಕುಠಂ ಆಹೇತ?" ಅಂದಳು, ಸರ್ ಎಲ್ಲಿ ಎಂದು.

"ಇಲ್ಲ" ಅಂದೆ. "ಹೋದ್ರು."

ಅವಳು ಹೊಸ್ತಿಲ ಮೇಲೆ ಕುಸಿದು ಕೂತು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, ಹಸುಗೂಸನ್ನು ಪೂನಮಳ ಬಗಲಿಗೆ ಕೊಟ್ಟು, ತಿರುಗಿ ಹೊರಟಳು. ಹುಡುಗಿ ತಿರುಗಿ ಶಾಲೆಯ ದಾರಿಯನ್ನು ಒಂದು ಸಲ ನೋಡಿದಳು.

"ಎರಡೂ ಕೂಸ ಇಲ್ಲೇ ಬಿಟ್ಟ ಹೋಗ ಬೇ" ಅಂದೆ. "ಆಕಿನ್ನ ಸಾಲಿಗೆ ಕಳಸ."

ಇಂಥವರು ಊರಿಗೆ ಹಿತ, ಮನೆಗೆ ತ್ರಾಸು. ತಮ್ಮ ಕೆಲಸ ಎಲ್ಲಿಗೆ ಮುಗಿಯಿತು, ಇನ್ನೊಬ್ಬರದು ಎಲ್ಲಿಂದ ಶುರುವಾಯಿತು ಎಂಬ ಗೆರೆ ಅವರಿಗೆ ಕಾಣುವುದಿಲ್ಲ. ಸರಕಾರ ಗೋಡೆ ಕಟ್ಟಿಸುತ್ತದೆ, ಕೋಣೆ ಲೆಕ್ಕ ಹಿಡಿಯುತ್ತದೆ, ಜಿಲ್ಲೆ ಬೆಳೆಯಿತು ಅನ್ನುತ್ತದೆ. ಆದರೆ ಒಂದು ಮಗು ಆ ಕೋಣೆಯೊಳಗೆ ಬಂದು ಕೂರಬೇಕಾದರೆ ಹೊರಗೆ ಯಾರದೋ ಕೈ ತುಂಬಿರಬೇಕಾಗುತ್ತದೆ, ಅದು ಇಂಥವರಿಗೆ ಗೊತ್ತಿರುತ್ತದೆ. ಹಾಗಾಗಿ ಕೇಳದೆ ತಂದು ನಮ್ಮ ಕೈಯಲ್ಲಿ ಇಡುತ್ತಾರೆ. ಒಂದು ದಿನ ಹೇಳದೆ ಹೋಗಿಬಿಡುತ್ತಾರೆ. ಕೂತು ಅಳೋಣ ಅಂದರೆ ಕೂಸಿನ ಹಾಲಿನ ಹೊತ್ತಾಗಿರುತ್ತದೆ.