ಜೀಪಿಗೆ ಕಟ್ಟಿದ ಮನೆ

ಬಂಗಾರಪೇಟೆಯಿಂದ ಕಾಮಸಮುದ್ರದ ಗುಡ್ಡದವರೆಗೆ ನಾನು ಒಂದು ಇಡೀ ಮನೆಯನ್ನು ಜೀಪಿಗೆ ಕಟ್ಟಿ ಎಳೆಸಿಕೊಂಡು ಹೋದಾಗ, ಪಕ್ಕದ ಹಳಿಯ ಮೇಲೆ ಮದರಾಸಿಗೆ ಹೊರಟಿದ್ದ ರೈಲು ನಮ್ಮ ವೇಗ ನೋಡಿ ನಾಚಿಕೊಂಡು ಹಿಂದಕ್ಕೆ ಹೊರಟುಹೋಯಿತು. ನಂಬದವರು ಆ ರೈಲನ್ನೇ ಕೇಳಬಹುದು.

ಅದು ಐವತ್ತೊಂಬತ್ತನೆಯ ಇಸವಿ. ಈ ಕದಿರಪ್ಪನಿಗೆ ಆಗ ಕೆ.ಜಿ.ಎಫ್. ಗಣಿಯಲ್ಲಿ ನೆಲದಡಿ ಕೆಲಸ. ಅಲ್ಲಿಯ ಶೆಕೆಯನ್ನು ಏನೆಂದು ಹೇಳಲಿ! ಜೇಬಿನಲ್ಲಿ ಮೊಟ್ಟೆ ಇಟ್ಟುಕೊಂಡು ಇಳಿದರೆ ತಳ ಮುಟ್ಟುವಷ್ಟರಲ್ಲಿ ಮರಿಯಾಗಿ, ಊಟದ ಹೊತ್ತಿಗೆ ಸಾರಿಗೇ ಆಗುತ್ತಿತ್ತು. ಹತ್ತು ವರ್ಷ ಇಳಿದು ಹತ್ತಿ, ಎದೆಯೊಳಗೆ ಪೀಪಿ ಊದುವ ಸದ್ದು ಶುರುವಾಗಿತ್ತು. ಹಗಲು ಬಿಸಿಲಿನಲ್ಲಿ ನಿಂತು ಮಾಡುವ ಒಂದು ಕೆಲಸ ಸಿಕ್ಕರೆ ಸಾಕು ಎಂದು ಕಂಡ ದೇವರಿಗೆಲ್ಲ ಕೈ ಮುಗಿಯುತ್ತಿದ್ದೆ.

ಆಗ ಸರ್ವೇ ಅಧಿಕಾರಿ ಜಯರಾಮಪ್ಪನವರು ಒಂದು ಮಾತು ಹೊರಡಿಸಿದರು. ಹೊಸ ಅದಿರು ಹುಡುಕಲು ಅವರು ಆರು ತಿಂಗಳು ಕಾಮಸಮುದ್ರದ ಆಚೆಯ ಗುಡ್ಡಗಳಲ್ಲಿ ಬಿಡಾರ ಹೂಡಬೇಕು. ದಾರಿಯಿಲ್ಲದ ಜಾಗ. ಮಲಗಲು, ಅಡುಗೆಗೆ, ನೀರಿನ ಪೀಪಾಯಿಗೆ, ಕಲ್ಲಿನ ಮಾದರಿಗೆ ಜಾಗವಿರುವ ಒಂದು ಟ್ರೈಲರನ್ನು ಜೀಪಿನ ಹಿಂದೆ ಕಟ್ಟಿಕೊಳ್ಳಬೇಕು. ಯಾರು ಮಾಡಿದ್ದು ಗೆಲ್ಲುತ್ತದೋ ಅವರಿಗೇ ಬಿಡಾರದ ಕೆಲಸ. ಸೋತವನು ಸೋಮವಾರ ಬೆಳಿಗ್ಗೆ ತನ್ನ ಹಳೆಯ ಜಾಗಕ್ಕೆ.

ನನ್ನ ಎದುರಾಳಿ ವರ್ಕ್‌ಶಾಪಿನ ಫಿಟ್ಟರ್ ಕುಪ್ಪುಸ್ವಾಮಿ. ಅವನು ಕಟ್ಟಿದ್ದು ನಾಲ್ಕು ಗಾಲಿಯ ತಗಡಿನ ಬಂಗಲೆ. ಕಿಟಕಿಗೆ ಬಾಗಿಲು, ಬಾಗಿಲಿಗೆ ಚಿಲಕ, ಒಳಗೆ ಕಬ್ಬಿಣದ ಮಂಚ. ನನ್ನದು ಎರಡೇ ಗಾಲಿಯದು. ಅಪ್ಪ ಬಂಗಾರಪೇಟೆಯ ಪಕ್ಕದ ನಮ್ಮೂರಿನಲ್ಲಿ ಗಾಡಿ ಮಾಡುತ್ತಿದ್ದವನು. ಅವನ ಉಳಿ, ಬಾಚಿ ಹಿಡಿದು ಹಿತ್ತಿಲಲ್ಲೇ ಮರದ ತೊಟ್ಟಿ ಜೋಡಿಸಿದ್ದೆ. ಮೇಲೆ ತಗಡಿಲ್ಲ, ಬಿಚ್ಚಿದರೆ ಡೇರೆಯಾಗುವ ಕಿತ್ತಾನು ಬಟ್ಟೆ. ಗಾಲಿ ಜೀಪಿನದೇ ಅಳತೆ, ಗಾಲಿಯಿಂದ ಗಾಲಿಗೆ ಜೀಪಿನಷ್ಟೇ ಅಗಲ. ಜೀಪು ತುಳಿದ ಜಾಡನ್ನೇ ಹಿಂದಿನದೂ ತುಳಿಯಬೇಕು, ಜೀಪಿನ ಸ್ಟೆಪ್ನಿ ಇದಕ್ಕೂ ಹೊಂದಬೇಕು.

"ಡೇಯ್ ಕದಿರಪ್ಪಾ, ಇದು ಎನ್ನಡಾ? ಎತ್ತಿನ ಗಾಡಿಗೆ ಪಂಚೆ ಉಡಿಸಿದ್ಯಾ?" ಎಂದ ಕುಪ್ಪುಸ್ವಾಮಿ.

"ನಿಂದು ಏನ್ಲಾ? ರೈಲು ಡಬ್ಬಿ ಮರಿ ಆಕ್ದಂಗದೆ!"

"ನಾಲ್ಕು ಕಾಲಿದ್ದರೆ ಬೀಳಲ್ಲಪ್ಪಾ. ಎಮ್ಮೆ ನೋಡು."

"ಎಮ್ಮೆ ಕೊರಕಲು ದಾಟ್ಬೇಕಾದ್ರೆ ಸೊಂಟ ಬಗ್ಗಿಸ್ತದೆ ಕಣ್ಲಾ. ನಿನ್ ತಗಡು ಎಲ್ ಬಗ್ತದೆ?"

ಭಾನುವಾರ ಬೆಳಿಗ್ಗೆ ಪರೀಕ್ಷೆ. ಒಂದೇ ಜೀಪು, ಒಬ್ಬನೇ ಡ್ರೈವರ್ ಆರುಮುಗಂ. ಕಾಮಸಮುದ್ರದ ಹತ್ತಿರ ಗಾಡಿ ಜಾಡು ಒಂದು ಒಣ ಕೊರಕಲಿಗೆ ಇಳಿದು ಆಚೆಗೆ ಹತ್ತುತ್ತದೆ. ಅದನ್ನು ದಾಟಿ ಗುಡ್ಡದ ಬುಡ ಮುಟ್ಟಬೇಕು. ಸುತ್ತಿನ ಹಳ್ಳಿಗಳಿಂದ ಹತ್ತು ಸಾವಿರ ಜನ ಸೇರಿದ್ದರು. ಕಡಿಮೆ ಎಂದರೂ ನಲವತ್ತು. ನನ್ನ ಹೆಂಡತಿ ಮುನಿನಾರಾಯಣಮ್ಮ ಮುದ್ದೆಯ ಗಂಟು ತಂದು ದಡದ ಹೊಂಗೆ ನೆರಳಲ್ಲಿ ಕೂತಿದ್ದಳು.

ಮೊದಲು ಕುಪ್ಪುಸ್ವಾಮಿಯ ಬಂಗಲೆ. ಅವನು ಒಳಗೆ ಮಂಚದ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಜೀಪು ಕೊರಕಲಿಗೆ ಇಳಿಯಿತು, ಬಂಗಲೆಯ ಮುಂದಿನ ಗಾಲಿಗಳೂ ಇಳಿದವು. ಹಿಂದಿನ ಗಾಲಿಗಳು ದಡದ ಮೇಲೇ ಉಳಿದವು. ನಡುವಿನ ಹೊಟ್ಟೆ ಬಂಡೆಯ ಮೇಲೆ ಕೂತಿತು ನೋಡಿ, ಮೊಟ್ಟೆಯ ಮೇಲೆ ಕೋಳಿ ಕೂತಂತೆ! ಕಿಟಕಿಗಳು ತಾವಾಗಿ ತೆರೆದುಕೊಂಡವು. ಒಂದರಿಂದ ಕುಪ್ಪುಸ್ವಾಮಿಯ ಚಪ್ಪಲಿ ಬಂತು, ಇನ್ನೊಂದರಿಂದ ಅವನೇ ಬಂದ. ದಾರಿಹೋಕರ ನಾಲ್ಕು ಜೊತೆ ಎತ್ತು ಕಟ್ಟಿ ಅದನ್ನು ಹಿಂದಕ್ಕೆ ಎಳೆಯಬೇಕಾಯಿತು.

ಆಮೇಲೆ ನನ್ನದು. ತುಂಬಿದ ನೀರಿನ ಪೀಪಾಯಿ, ಹಾಸಿಗೆ, ಪಾತ್ರೆ ಎಲ್ಲ ಹೇರಿತ್ತು. ಆರುಮುಗಂ ಪಕ್ಕದಲ್ಲಿ ನಾನು ಕೂತೆ. ಜೀಪು ಇಳಿದಂತೆ ಇಳಿಯಿತು, ಹೊರಳಿದಂತೆ ಹೊರಳಿತು, ಹತ್ತಿದಂತೆ ಹತ್ತಿತು. ಅತ್ತ ಇತ್ತ ಒಲೆದಾಡಲಿಲ್ಲ, ಜೀಪಿನ ಬಾಲ ಎತ್ತಲಿಲ್ಲ. ಹಸು ಹಿಂದೆ ಕರು ಹೋದಂತೆ! ಗುಡ್ಡದ ಬುಡದಲ್ಲಿ ಒಂದು ಬೀಡಿ ಮುಗಿಯುವಷ್ಟರಲ್ಲಿ ಕಿತ್ತಾನು ಬಿಚ್ಚಿ ಡೇರೆ ನಿಲ್ಲಿಸಿದೆ. ಜನ ಶಿಳ್ಳೆ ಹಾಕಿದ್ದು ಕೋಲಾರಕ್ಕೆ ಕೇಳಿಸಿತಂತೆ.

ಜಯರಾಮಪ್ಪನವರು ಟೋಪಿ ತೆಗೆದು ಹಣೆ ಒರೆಸಿಕೊಂಡರು. "ಭೇಷ್ ಕದಿರಪ್ಪ. ಗೆದ್ದೆ. ಗಾಲಿಯ ಅಚ್ಚನ್ನು ಸರಿಯಾಗಿ ಈ ಜಾಗದಲ್ಲೇ ಕೂರಿಸಬೇಕು ಅಂತ ಹೇಗೆ ಗೊತ್ತಾಯಿತು?"

ನಾನು ಮೀಸೆ ತಿರುವಿದೆ. "ಬೆರಳಲ್ಲೇ ಅದೆ ಸ್ವಾಮಿ ಲೆಕ್ಕ. ಕಣ್ಮುಚ್ಕಂಡು ಕಿರುಬೆರಳಲ್ಲಿ ಮೂಕಿ ಎತ್ತಿದ್ರೆ, ಅಚ್ಚು ಎಲ್ಲಿರ್ಬೇಕೋ ಅದೇ ಯೋಳ್ತದೆ."

ಜೀಪಿಗೆ ಸಿಕ್ಕಿಸುವ ಮುಂದಿನ ಉದ್ದನೆಯ ಮರವೇ ನಮ್ಮ ಗಾಡಿಯ ಮೂಕಿ. ಅವರಿಗೆ ಇಷ್ಟು ಹೇಳದೆ ನಾನು ಸುಮ್ಮನಿರಬೇಕಿತ್ತು.

"ಹಾಗಾದರೆ ಇದನ್ನೂ ತೋರಿಸು" ಎಂದರು ಅವರು. "ಬರುವಾಗ ಪೀಪಾಯಿ ಖಾಲಿ, ಕಲ್ಲಿನ ಪೆಟ್ಟಿಗೆ ನಾಲ್ಕು ಇರುತ್ತವೆ. ಈಗಲೇ ಹೇರು."

ಜೀಪು ಬಿಚ್ಚಿ, ಪೀಪಾಯಿಯ ನೀರು ಚೆಲ್ಲಿದರು. ಪೆಟ್ಟಿಗೆಗೆ ಗುಡ್ಡದ ಕಲ್ಲು ತುಂಬಿ ಕೊಟ್ಟರು. ಎತ್ತಲು ಸುಲಭವೆಂದು ನಾಲ್ಕನ್ನೂ ಬಾಗಿಲ ಬಳಿ, ಹಿಂದುಗಡೆಯೇ ಇಟ್ಟೆ. ಕಣ್ಣು ಮುಚ್ಚಿ ಕಿರುಬೆರಳಲ್ಲಿ ಮೂಕಿ ಎತ್ತಿದೆ. ಹೂವಿನಂತೆ ಬಂತು! "ನೋಡಿ ಸ್ವಾಮಿ, ಹಗೂರ!" ಎಂದು ಹಿಂದಿನ ಹಲಗೆಯ ಮೇಲೆ ಹತ್ತಿ, ಸೊಂಟದ ಮೇಲೆ ಕೈಯಿಟ್ಟು ನಿಂತೆ.

ಟ್ರೈಲರು ನಾಯಿಯಂತೆ ಹಿಂಗಾಲ ಮೇಲೆ ಕೂತುಬಿಟ್ಟಿತು. ಮೂಕಿ ಆಕಾಶ ತೋರಿಸಿತು. ನಾಲ್ಕು ಪೆಟ್ಟಿಗೆಗಳೂ ನಾನೂ ಒಟ್ಟಿಗೇ ಜಾರಿ ನೆಲಕ್ಕೆ ಬಂದೆವು.

ಕುಪ್ಪುಸ್ವಾಮಿ ಚಪ್ಪಲಿ ಇಲ್ಲದ ಕಾಲಲ್ಲೇ ಕುಣಿದ. "ಅಯ್ಯೋ ಮುರುಗಾ! ಬೆರಳು ಏನು ಹೇಳ್ತಪ್ಪಾ?"

ಅಷ್ಟರಲ್ಲಿ ಕೊರಕಲು ದಾಟಿ ಬಂದಿದ್ದ ಮುನಿನಾರಾಯಣಮ್ಮನಿಗೆ ತಡೆಯಲಾಗಲಿಲ್ಲ. "ಮುಂದಕ್ಕೆ ಆಕಯ್ಯೋ ಪೆಟ್ಟಿಗೇನ! ಮೂಕಿ ಎತ್ತಿದ್ರೆ ತುಂಬಿದ ಬಿಂದಿಗೆ ಎತ್ತಿದಷ್ಟು ಭಾರ ಇರ್ಬೇಕು ಅಂತ ಎಷ್ಟ್ ಸಲ ಯೋಳಿದೀನಿ? ಹಗೂರ ಆದ್ರೆ ನೊಗ ಎದ್ದು ಎತ್ತಿನ ಕುತ್ಗೆ ಇಸುಕ್ತದೆ, ಈ ಜೀಪಿಗಾದ್ರೆ ಬಾಲಾನೇ ಎತ್ತಾಕ್ತದೆ!"

ಜಯರಾಮಪ್ಪನವರು ಅವಳನ್ನು ನೋಡಿದರು, ಆಮೇಲೆ ನನ್ನನ್ನು. "ಕದಿರಪ್ಪ, ಅಚ್ಚು ಕೂರಿಸಿದ್ದು ಯಾರು?"

ನನಗೆ ಎದುರು ಕಂಡದ್ದು ಸೋಮವಾರದ ಗಣಿ. ಬಾಯಲ್ಲಿ ಹದಿನೆಂಟು ಸುಳ್ಳು ಸಾಲುಗಟ್ಟಿ ನಿಂತಿದ್ದವು. ಆದರೆ ಮೊಣಕಾಲು ತರಚಿ ಕಲ್ಲಿನ ನಡುವೆ ಕೂತವನ ಸುಳ್ಳನ್ನು ಯಾರು ನಂಬುತ್ತಾರೆ?

"ಇವ್ಳೇ ಸ್ವಾಮಿ" ಎಂದೆ. "ಮೊದ್ಲು ನಾನು ಮಾಡಿದ್ದು ಹಿತ್ಲಲ್ಲಿ ಇಂಗೇ ಕುಕ್ಕರಿಸ್ತು. ಒಡ್ದು ಸೌದೆ ಮಾಡಾಣ ಅಂತಿದ್ದೆ. ಇವ್ಳು ಬಾವಿಯಿಂದ ಬಿಂದಿಗೆ ಒತ್ಕಂಡ್ ಬಂದವ್ಳು ಕೆಳಕ್ಕಿಟ್ಟು, ಒಂದ್ ಕೈಯಲ್ಲಿ ಮೂಕಿ ಎತ್ತೋದು, ಒಂದ್ ಕೈಯಲ್ಲಿ ಬಿಂದಿಗೆ ಎತ್ತೋದು. ಎರಡೂ ಸಮ ಆಗೋಗಂಟ ಅಚ್ಚನ್ನ ನನ್ ಕೈಲೇ ಹಿಂದಕ್ಕೆ ಹಿಂದಕ್ಕೆ ತಳ್ಳಿಸಿದ್ಲು. ಒಂದು ಗೇಣು. ಮದ್ವೆಗೆ ಮುಂಚೆ ಅವರಪ್ಪನ ಗಾಡಿ ಸಂತೆಗೆ ಒಡೀತಿದ್ದೋಳು ಇವ್ಳೇ."

ಅವಳು ಆಗಲೇ ಸೆರಗು ಕಟ್ಟಿ ಪೆಟ್ಟಿಗೆಗಳನ್ನು ಮುಂದಕ್ಕೆ ಇಡಿಸುತ್ತಿದ್ದಳು, ಕುಪ್ಪುಸ್ವಾಮಿಯ ಕೈಯಲ್ಲೇ! ಮೂಕಿ ಎತ್ತಿ ತೂಗಿ, ಒಂದು ಪೆಟ್ಟಿಗೆಯನ್ನು ಮೊಳದಷ್ಟು ಹಿಂದೆ ತಳ್ಳಿಸಿ, "ಊಂ, ಬಿಂದಿಗೆ" ಎಂದಳು. ಆರುಮುಗಂ ಜೀಪು ಕಟ್ಟಿ ಕೊರಕಲನ್ನು ಮತ್ತೆ ದಾಟಿಸಿದ. ಒಂದು ಕಲ್ಲೂ ಅಲುಗಲಿಲ್ಲ. ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ.

ಜಯರಾಮಪ್ಪನವರು ಜೇಬಿನ ಪುಸ್ತಕ ತೆಗೆದು ನಮ್ಮಿಬ್ಬರನ್ನೂ ಬಿಡಾರಕ್ಕೆ ಸೇರಿಸಿಕೊಂಡರು. ಆರು ತಿಂಗಳು ಬಿಸಿಲು ಕುಡಿದೆ. ಎದೆಯ ಪೀಪಿ ನಿಂತಿತು. ಬಿಡಾರದ ಮೇಸ್ತ್ರಿಯಾಗಿ ಇಡೀ ಗುಡ್ಡವನ್ನೇ ಆಳಿದೆ ಎಂದು ಊರಲ್ಲಿ ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ. ಆದರೆ ಆ ಪುಸ್ತಕವನ್ನು ಆರುಮುಗಂ ನೋಡಿದ್ದಾನೆ, ನೋಡಿದವನು ಬಾಯಿ ಮುಚ್ಚಿಕೊಂಡಿಲ್ಲ. ಆದ್ದರಿಂದ ನಾನೇ ಹೇಳಿಬಿಡುತ್ತೇನೆ: ಮೇಸ್ತ್ರಿ ಎಂದು ಬರೆದದ್ದು ಮುನಿನಾರಾಯಣಮ್ಮನ ಹೆಸರಿನ ಮುಂದೆ. ನನ್ನ ಹೆಸರು ಅದರ ಕೆಳಗಿತ್ತು, ಅದರ ಮುಂದೆ "ಆಕೆ ಹೇಳಿದ್ದನ್ನು ಎತ್ತಿಡುವವನು" ಎಂದಿತ್ತು.