ಮೆಂತ್ಯದ ಕಾರು

ಮೆಂತ್ಯದ ವಾಸನೆ ಉಗುರಿನ ಸಂದಿಗೆಲ್ಲ ಹೊಕ್ಕಿದೆ, ಎರಡು ಸಲ ಸೋಪು ಹಾಕಿ ತೊಳೆದರೂ ಹೋಗಿಲ್ಲ, ಬೆರಳಿನಿಂದ ತಟ್ಟಿದರೆ ಟೊಕ್ ಅನ್ನುತ್ತದೆ, ನಿನ್ನೆ ತಟ್ಟಿದಾಗ ಬತ್ ಅಂದಿತ್ತು, ಅಂದರೆ ಒಣಗಿದೆ, ಒಳಗೂ ಒಣಗಿದೆಯೋ ಹೊರಗೆ ಮಾತ್ರವೋ, ಬಿಡಿಸದೆ ಹೇಗೆ ಗೊತ್ತಾಗಬೇಕು — ಗೇಣುದ್ದವೂ ಇಲ್ಲದ ಕಾರು, ಚಕ್ರವಿಲ್ಲ, ಮೋಟಾರಿಲ್ಲ, ಮೇಲಿನ ಬಾಡಿ ಮಾತ್ರ, ಕಾಗದ ಮತ್ತು ಮೆಂತ್ಯ ರುಬ್ಬಿ ಕೆರೆಮಣ್ಣಿನ ಅಚ್ಚಿನ ಮೇಲೆ ಬಳಿದದ್ದು, ಮೊರಕ್ಕೆ ಬಳಿಯುವ ಹಾಗೆ. ಸಂಜೆ ಐದಕ್ಕೆ ಇದನ್ನು ಹಿಡಿದುಕೊಂಡು ಗಣಿ ದೊರೆಗಳ ಕ್ಲಬ್ಬಿನಲ್ಲಿರಬೇಕು. ವಿನ್ಸೆಂಟ್ ದೊರೆ ನಾಳೆ ಸಾಮಾನು ಕಟ್ಟುತ್ತಾರೆ, ಸೋಮವಾರ ಬಂಗಾರಪೇಟೆಯಲ್ಲಿ ಮದ್ರಾಸಿನ ರೈಲು, ಅಲ್ಲಿಂದ ಹಡಗು, ಆಸ್ಟ್ರೇಲಿಯ, ಆಟದ ದಾರಿಯೂ ಕಾರುಗಳೂ ತಂತಿಯೂ ಅವರ ಜೊತೆಗೇ. ಇವತ್ತು ಆಗದಿದ್ದರೆ ಈ ಜನ್ಮದಲ್ಲಿ ಆಗುವುದಿಲ್ಲ.

ಗುಂಡಿ ಒತ್ತಿದವನಲ್ಲ ನಾನು, ಮೂರು ವರ್ಷದಲ್ಲಿ ಒಂದು ದಿನವೂ. ವಾರವೆಲ್ಲ ಬಿಲಿಯರ್ಡ್ಸ್ ಕೋಣೆ ಗುಡಿಸುವುದು, ಶನಿವಾರ ಸಂಜೆ ದೊರೆಗಳು ಉದ್ದ ಮೇಜಿನ ಮೇಲೆ ದಾರಿ ಜೋಡಿಸಿ ಕಾರು ಓಡಿಸುವಾಗ ಮೂರನೆಯ ತಿರುವಿನ ಹತ್ತಿರ ನಿಲ್ಲುವುದು, ಇಷ್ಟೇ. ದಾರಿಯ ನಡುವೆ ಒಂದು ಸಣ್ಣ ಸಂದು, ಕಾರಿನ ಅಡಿಯಲ್ಲಿ ಒಂದು ನಾಲಗೆ, ನಾಲಗೆ ಸಂದಿನೊಳಗೆ ಕೂತರೆ ಕರೆಂಟು ಹತ್ತುತ್ತದೆ, ದೊರೆಯ ಕೈಯಲ್ಲಿ ಗುಂಡಿ, ಒತ್ತಿದಷ್ಟೂ ವೇಗ, ಜಾಸ್ತಿ ಒತ್ತಿದರೆ ತಿರುವಿನಲ್ಲಿ ನಾಲಗೆ ಕಿತ್ತುಕೊಂಡು ಕಾರು ಹಾರುತ್ತದೆ. ಆಂಜಿನಪ್ಪಾ, ಪೋಡು! ಪೋಡು ಅಂದರೆ ಹಾಕು, ಎತ್ತಿ ಸಂದಿಗೆ ಹಾಕಬೇಕು. ಪೋಡು, ಪೋಡು, ಕ್ಲಬ್ಬಿನ ಅಡುಗೆಯವರು ಕೂಡ ನನ್ನನ್ನು ಪೋಡು ಅಂತಲೇ ಕರೆಯುತ್ತಾರೆ, ಕರೆಯಲಿ, ಸಿಟ್ಟೇನಿಲ್ಲ, ಸುಳ್ಳು, ಸಿಟ್ಟು ಇದೆ. ಆದರೆ ಅಲ್ಲಿ ನಿಂತವನಿಗೆ ಕಾಣುವುದು ಗುಂಡಿ ಹಿಡಿದವರಿಗೆ ಕಾಣುವುದಿಲ್ಲ, ಹಾರುವ ಮುಂಚೆ ಕಾರಿನ ಹಿಂಭಾಗ ಒಂದು ಚೂರು ಅಲ್ಲಾಡುತ್ತದೆ, ಕೈ ಆಗಲೇ ಹೋಗಬೇಕು, ತಡವಾದರೆ ಸಿಮೆಂಟು ನೆಲ, ಪ್ಲಾಸ್ಟಿಕ್ಕು ಚೂರು ಚೂರು. ಒಂದೇ ಒಂದು ಸಲ ತಡವಾಯಿತು, ವಿನ್ಸೆಂಟ್ ದೊರೆಯ ಕಾರಿನ ಬಾಡಿ ಎರಡು ಹೋಳು. ಹೊಸದು ಸೀಮೆಯಿಂದ ಬರಬೇಕು, ತರಿಸಲು ಪರ್ಮಿಟ್ಟಿಲ್ಲ. ಬೈಯಲಿಲ್ಲ ಅವರು, ಬೈದಿದ್ದರೆ ಚೆನ್ನಾಗಿತ್ತು, ಬಾಡಿಯಿಲ್ಲದೆ ಬರೀ ಚಕ್ರ ಮೋಟಾರು ಇಟ್ಟು ತಮಾಷೆಗೆ ಓಡಿಸಿದರು, ಗುಂಡಿ ಪೂರ್ತಿ ಒತ್ತಿ — ಹಾರಲಿಲ್ಲ! ಮೂರನೆಯ ತಿರುವಿನಲ್ಲಿ ನನ್ನ ಮೂಗಿನ ಕೆಳಗೇ ಸರ್ ಅಂತ ತಿರುಗಿಕೊಂಡು ಹೋಯಿತು. ದೊರೆಗಳು ನಕ್ಕು ಮರೆತರು, ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಬಡಗಿಯಿಂದ ತೇಗದ ಬಾಡಿ ಮಾಡಿಸಿ ತಂದರು, ಪ್ರತಿ ಸುತ್ತಿಗೂ ಮಗುಚಿತು, ನಾನು ತಡೆಯಲಾರದೆ ಬಾಯಿ ಬಿಟ್ಟೆ, ದೊರೆ, ಮ್ಯಾಲ್ ಬಾರ ಜಾಸ್ತಿಯಾತು, ಉಲ್ಲಿನ್ ಗಾಡಿ ಇದ್ದಂಗೆ, ತಿರುವ್ನಾಗೆ ಒಂದ್ ಕಡೀಕ್ ವಾಲ್ತದೆ, ಏನೂ ತೂಕ್ವೇ ಇಲ್ದಂಗೆ ಬಾಡಿ ಮಾಡಿದ್ರೆ ಬೀಳಾಕಿಲ್ಲ. ಎಲ್ಲರೂ ನನ್ನ ಮುಖ ನೋಡಿದರು. ಅಪ್ಪಡಿಯಾ, ಸರಿ, ನೀ ಮಾಡ್ಕೊಂಡ್ ವಾ ಮ್ಯಾನ್, ಅಂದರು ವಿನ್ಸೆಂಟ್ ದೊರೆ, ಮೊದಲ್ನೇ ಸುತ್ತು ನೀನೇ ಓಡ್ಸು.

ಅದೇನ್ ಮಗೀನ್ ಬೆನ್ ತಟ್ಟಿದಂಗೆ ತಟ್ತಾ ಕುಂತಿದೀಯ, ಎತ್ತಯ್ಯಾ ಅತ್ಲಾಗೆ, ನೋಡೇಬುಡಾನ — ಒಲೆಯ ಮುಂದಿನಿಂದ ಕದಿರಮ್ಮ, ನನ್ನ ಹೆಂಡತಿ, ಅವಳಿಗೂ ನನ್ನಷ್ಟೇ ಕುತೂಹಲ, ಒಪ್ಪಿಕೊಳ್ಳುವವಳಲ್ಲ. ಬೇತಮಂಗಲದವಳು, ಅಲ್ಲಿ ಕೊಡ ಬೋರಲು ಹಾಕಿ ಅದರ ಮೇಲೆ ಕಾಗದ ಬಳಿದು ಬುಟ್ಟಿ ಮಾಡುತ್ತಾರೆ, ಮದುವೆಯಾಗಿ ಬರುವಾಗ ಒಂದು ತಂದಿದ್ದಳು, ಎತ್ತಿದರೆ ಏನೂ ಎತ್ತಿದ ಹಾಗಿಲ್ಲ, ನಾನು ನೋಡದೆ ಅದರ ಮೇಲೆ ಕೂತೆ, ತಗ್ಗಿತು, ಎದ್ದಾಗ ಅದೂ ಎದ್ದಿತು, ಬಿರುಕಿಲ್ಲ. ತೇಗದ ಬಾಡಿ ಕೈಯಲ್ಲಿ ಹಿಡಿದು ಕ್ಲಬ್ಬಿನಲ್ಲಿ ನಿಂತಿದ್ದಾಗ ಆ ಬುಟ್ಟಿ ಯಾಕೆ ನೆನಪಾಯಿತೋ. ಹಳೇ ಪೇಪರು ಮೂರು ದಿನ ನೆನೆಹಾಕಿದೆವು, ಮೆಂತ್ಯ ಹಾಕಿ ಒರಳಲ್ಲಿ ಅವಳೇ ರುಬ್ಬಿದಳು, ಗಂಧದ ಹಾಗೆ ಬರ್ಬೇಕು ಇಲ್ಲಾಂದ್ರೆ ಗಂಟು ನಿಲ್ತದೆ, ಅಂತ. ಅಚ್ಚಿಗೆ ಬೂದಿ ಸವರಿದ್ದೇನೆ, ಅಂಟಬಾರದಲ್ಲ, ಎಳೆಯುತ್ತೇನೆ, ಬರುವುದಿಲ್ಲ, ಇನ್ನಷ್ಟು ಎಳೆದರೆ ಅಂಚು ಚರ್ ಅನ್ನುತ್ತದೆ, ಕೈ ಬಿಟ್ಟೆ. ತತ್ತಾ ಇಲ್ಲಿ. ತಲೆಕೆಳಗು ಮಾಡಿ ನೋಡಿದಳು, ಅಯ್ಯೋ ನಿನ್ ಬುದ್ಧಿಗಿಷ್ಟು, ಉಬ್ಬಿರೋ ಒಟ್ಟೆ ದಾಟಿ ಬಳ್ದಿದೀಯಲ್ಲಾ, ಕೊಡದ್ ಮ್ಯಾಲೆ ಒಟ್ಟೆಗಂಟ ಬಳ್ದು ನಿಲ್ಸ್‌ಬೇಕು, ಅದ್ರಾಚೆಗೆ ಓದ್ರೆ ಬುಟ್ಟಿ ಎಂಗ್ ಈಚೆ ಬಂದಾತು. ನಿಜ, ಕಾರಿನ ಪಕ್ಕೆಗಳು ಕೆಳಗೆ ಒಳಕ್ಕೆ ತಿರುಗುತ್ತವೆ, ಒಡೆದ ಬಾಡಿಯನ್ನು ಮುಂದಿಟ್ಟುಕೊಂಡು ಹಾಗೆಯೇ ಮಾಡಿದೆ, ಬೆಪ್ಪ, ಚಂದ ನೋಡಿದೆ, ಬಿಡಿಸುವುದನ್ನು ನೋಡಲಿಲ್ಲ. ಮೊದ್ಲೇ ಏಳ್ಬಾರ್ದಾಗಿತ್ತಾ, ಅಂದೆ. ನೀನ್ ಕೇಳಿದ್ರೆ ತಾನೆ ಏಳಾದು.

ಬಾಡಿ ಕೊಯ್ದರೆ ಬಲ ಹೋಗುತ್ತದೆ, ನೀರು ಹಾಕಿ ಮಣ್ಣು ಕರಗಿಸಿದರೆ ಕಾಗದವೂ ಕರಗುತ್ತದೆ, ಉಳಿದದ್ದು ಒಂದೇ, ಅಡಿಯಿಂದ ಅಚ್ಚನ್ನೇ ಬಗೆಯಬೇಕು, ಚಮಚದ ಹಿಡಿಯಿಂದ, ಚೂರು ಚೂರಾಗಿ. ಅಚ್ಚು ಹೋದರೆ ಇನ್ನೊಂದು ಬಾಡಿ ಇಲ್ಲ, ಇರುವುದು ಇದೊಂದೇ. ಅವಳು ಎರಡೂ ಕೈಯಲ್ಲಿ ಹಿಡಿದಳು, ನಾನು ಬಗೆದೆ, ಮಣ್ಣು ಉದುರುತ್ತಿದೆ, ಅಪ್ಪ ಗಣಿಯೊಳಗೆ ಬಗೆದು ಬಂದು ಇದೇ ಜಾಗದಲ್ಲಿ ಕೂರುತ್ತಿದ್ದ, ಚಿನ್ನ ಕಲ್ಲಿನೊಳಗೆ ಎಲ್ಲಿರ್ತದಪ್ಪ, ಕಣ್ಣಿಗ್ ಕಾಣ್ತದಾ, ಕಾಣ್ದೆ ಓದ್ರೆ ಐತೆ ಅಂತ ಎಂಗ್ ಗೊತ್ತು, ಕೇಳಿ ಕೇಳಿ ಏಟು ತಿಂದಿದ್ದೇನೆ, ಗಣಿಗಿಳಿದರೆ ಅಲ್ಲೂ ಕೇಳುತ್ತಾ ನಿಲ್ಲುತ್ತಾನೆ ಇವನು ಅಂತ ಕ್ಲಬ್ಬಿನ ಕೆಲಸಕ್ಕೆ ಸೇರಿಸಿದ. ಮೆತ್ಗೆ, ಮೆತ್ಗೆ ಕಣಯ್ಯಾ. ಕೊನೆಯ ಹೆಂಟೆ ಕಳಚಿತು. ಬೆಳಕಿಗೆ ಹಿಡಿದರೆ ಒಳಗಿನಿಂದ ಹಳದಿಯಾಗಿ ಕಾಣುತ್ತದೆ, ಉಫ್ ಅಂದರೆ ಅಂಗೈ ಮೇಲೆ ಜಾರುತ್ತದೆ. ಕದಿರಮ್ಮ ಕೆಮ್ಮಣ್ಣು ತೆಳ್ಳಗೆ ಕಲಸಿ ಒಂದೇ ಕೈ ಬಳಿದಳು, ಕೆಂಪು ಕಾರು, ಅವಳ ಮೂಗಿನ ಮೇಲೂ ಕೆಂಪು. ನಗು ಬಂತು, ಖುಷಿಯಾಯಿತು, ಎಷ್ಟು ಖುಷಿ ಅಂದರೆ ಅಳು ಬರುವಷ್ಟು. ಓಗು, ಓಡ್ಸು, ಬಂದ್ ಏಳು ನಂಗೆ, ಬಿತ್ತೋ ಬೀಳ್ನಿಲ್ವೋ.

ಊರಿಗಾಂ ಲೈನುಮನೆಗಳ ಹಿಂದಿನಿಂದ ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬದ ಪಕ್ಕ ನಡೆಯುತ್ತೇನೆ, ಗಾಳಿ, ಬುಟ್ಟಿಯೊಳಗೆ ಬಟ್ಟೆ ಮುಚ್ಚಿ ಹಿಡಿದಿದ್ದೇನೆ, ಪಾಳಿ ಬಿಟ್ಟವರು ಕೋಳಿಮರಿ ಏನಪ್ಪಾ ಅಂತ ಕೇಳಿದರು, ಹೂಂ ಅಂದೆ. ಕ್ಲಬ್ಬಿನಲ್ಲಿ ವಿನ್ಸೆಂಟ್ ದೊರೆ ಅದನ್ನು ಮೂಸಿ ನೋಡಿದರು, ಕರಿಪೌಡರ್ ವಾಸನೆ ಮ್ಯಾನ್, ಎಲ್ಲರೂ ನಕ್ಕರು, ಆಮೇಲೆ ಅಂಗೈ ಮೇಲೆ ಇಟ್ಟುಕೊಂಡು ನಗು ನಿಲ್ಲಿಸಿದರು. ಎರಡು ತಿರುಪು ಹಾಕಿ ಚಕ್ರ ಮೋಟಾರಿನ ಮೇಲೆ ಕೂರಿಸಿದರು. ಗುಂಡಿಯನ್ನು ನನ್ನ ಬಲಗೈಗೆ ಕೊಟ್ಟರು, ಬೆಚ್ಚಗಿದೆ, ಎಷ್ಟು ಚಿಕ್ಕದು, ಇಷ್ಟು ದಿನ ಇದಕ್ಕಾಗಿಯೇ — ಮೇಜಿನ ತುದಿಯಲ್ಲಿ ನಿಲ್ಲು ಅಂದರು, ಇಲ್ಲ ದೊರೆ, ತಿರುವ್ನತ್ರಾನೇ ನಿಲ್ತೀನಿ, ತಂತಿ ಉದ್ದ ಅದೆ, ಅಂದೆ, ಹತ್ತಿರದಿಂದ ನೋಡಬೇಕಲ್ಲ, ನೋಡುವುದಕ್ಕೇ ತಾನೆ ಇಷ್ಟೆಲ್ಲ ಮಾಡಿದ್ದು. ಒತ್ತಿದೆ. ಹೋಯಿತು! ನಾನು ಒತ್ತಿದ್ದಕ್ಕೆ ಹೋಯಿತು, ಮೊದಲ ತಿರುವು, ಎರಡನೆಯದು, ಪೂರ್ತಿ ಒತ್ತು ಮ್ಯಾನ್, ಪೂರ್ತಿ, ಒತ್ತಿದೆ, ಕೆಂಪಗೆ, ಸದ್ದು ಏರುತ್ತಾ ನನ್ನ ಕಡೆಗೇ ಬರುತ್ತಿದೆ, ಮೂರನೆಯ ತಿರುವಿಗೆ ಬಂತು, ತಿರುಗಿತು, ಅರ್ಧ ತಿರುಗಿತು, ಎಡಗೈ — ಎಡಗೈಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ, ಅದು ತಾನಾಗಿ ಹೋಯಿತು, ಮೂರು ವರ್ಷ ಹೋದ ಹಾಗೆಯೇ ಹೋಗಿ ದಾರಿಗೆ ಅಡ್ಡ ನಿಂತಿತು, ಕಾರು ಬಂದು ಬೆರಳಿಗೆ ಬಡಿದು ಮಗುಚಿತು.

ಬಾಡಿಗೆ ಒಂದು ಗೀರೂ ಇಲ್ಲ. ಅಡಿಯಲ್ಲಿ ನಾಲಗೆ ಮುರಿದಿದೆ, ಬುಡದಲ್ಲೇ, ಅದಿಲ್ಲದೆ ಸಂದಿನಲ್ಲಿ ಕೂರುವುದಿಲ್ಲ, ಬೇರೆ ನಾಲಗೆ ಇಲ್ಲಿ ಸಿಗುವುದಿಲ್ಲ, ಬೇರೆ ಕಾರಿಗೆ ಈ ಬಾಡಿ ಹೊಂದುವುದಿಲ್ಲ. ಯಾರೂ ಪೋಡು ಅನ್ನಲಿಲ್ಲ. ಪರವಾಯಿಲ್ಲ ಆಂಜಿನಪ್ಪಾ, ಅಂತ ವಿನ್ಸೆಂಟ್ ದೊರೆ ತಿರುಪು ಬಿಚ್ಚಿ ಬಾಡಿಯನ್ನು ನನ್ನ ಅಂಗೈ ಮೇಲೆ ಇಟ್ಟರು, ನೀನೇ ವೆಚ್ಚಿಕೋ, ಇಟ್ಕೋ, ಅಂದರು, ಉಳಿದವರು ದಾರಿಯನ್ನು ತುಂಡು ತುಂಡಾಗಿ ಬಿಚ್ಚಿ ಪೆಟ್ಟಿಗೆಗೆ ಹಾಕತೊಡಗಿದರು, ಮೂರನೆಯ ತಿರುವನ್ನೂ. ನಾನು ಒಂದನ್ನೇ ಕೇಳಿದೆ, ದೊರೆ, ಕಾರಿನ್ ಇಂದಿನ್ ಬಾಗ ಅಲ್ಲಾಡ್ತಾ, ನೋಡುದ್ರಾ. ಯಾರೂ ನೋಡಿರಲಿಲ್ಲ, ಅವರೆಲ್ಲ ನನ್ನ ಮುಖ ನೋಡುತ್ತಿದ್ದರಂತೆ. ಅಲ್ಲಾಡಿದ್ದಕ್ಕೆ ತಾನೆ ಕೈ ಹೋಯಿತು, ಅಲ್ಲಾಡದಿದ್ದರೆ ಯಾಕೆ ಹೋಗುತ್ತದೆ, ಅಭ್ಯಾಸ, ಅಭ್ಯಾಸಕ್ಕೆ ಅಲ್ಲಾಡುವುದೇ ಬೇಕೆ, ಕೆಂಪಗೆ ಬರುತ್ತಿದೆ, ಅರ್ಧ ತಿರುಗಿದೆ, ಹಿಂದಿನ ಚಕ್ರ, ಹಿಂದಿನ ಚಕ್ರ ಏನು ಮಾಡಿತು, ಇನ್ನೊಂದು ಸಲ, ಬಂತು, ಅರ್ಧ ತಿರುಗಿತು, ನಾಲಗೆ ಸಂದಿನಲ್ಲೇ ಇದೆ, ಇದೆಯಲ್ಲ, ಅದರ ಮುಂದೆ ನನ್ನ ಕೈ, ಅದರ ಮುಂದೆ ನನ್ನ ಕೈ —