ತಂದೆಯ ಒಪ್ಪಿಗೆ

“ಯಾರ ಹೆಂಡ್ತಿ ಅಂತ ಬರೀಲಲೇ? ದೇವ್ರ ಹೆಂಡ್ತಿ ಅಂತ ಬರೀಲೋ, ಊರ ಹೆಂಡ್ತಿ ಅಂತ ಬರೀಲೋ, ಆ ಬಿಳೇ ಸೂಳೆಮಗನ ಹೆಂಡ್ತಿ ಅಂತ ಬರೀಲೋ?”

ಕಂದಾಯದ ಆರ್.ಐ. ಹೀಗೆ ಕೇಳಿದಾಗ ಚಾವಡಿ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನಕ್ಕರು. ಕಟ್ಟೆಯ ಕೆಳಗೆ, ಬಿಸಿಲಲ್ಲಿ, ಹುಲುಗಮ್ಮ ನಿಂತಿದ್ದಳು. ಕೇರಿಯವರು ಆ ಕಟ್ಟೆ ಹತ್ತುವಂತಿರಲಿಲ್ಲ.

“ಬೋರಿನ ಸಾಹೇಬ್ರ ಹೆಂಡ್ತಿ ಅಂತ ಬರೀರಿ. ಬಳ್ಳಾರ್ಯಾಗ ರಿಜಿಸ್ಟ್ರಿ ಆಗೇತ್ರಿ.”

“ರಿಜಿಸ್ಟ್ರಿ ಆಗೇತಂತ ಕೇಳ್ರೆಪ್ಪ! ಊರ ಗೋಮಾಳನ ಒಬ್ಬನ ಹೆಸರಿಗೆ ಹೆಂಗ ರಿಜಿಸ್ಟ್ರಿ ಮಾಡಿದ್ರಲೇ?”

ಮತ್ತೆ ನಗು. ಊರ ಗೌಡ ಕೊಟ್ರಗೌಡ ಮಾತ್ರ ನಗಲಿಲ್ಲ. ಎಲೆಯಡಿಕೆ ಅಗಿಯುತ್ತಾ ಅವಳ ಕಾಲನ್ನೇ ನೋಡುತ್ತಿದ್ದ.

“ಚಪ್ಲಿ ಬಿಡು,” ಅಂದ.

ಹುಲುಗಮ್ಮ ಬಿಟ್ಟಳು. ನೆಲ ಸುಡುತ್ತಿತ್ತು.

ಚಿಕ್ಕವಳಿದ್ದಾಗಲೇ ಅವಳ ಕೊರಳಿಗೆ ಊರಮ್ಮನ ಹೆಸರಲ್ಲಿ ಮುತ್ತು ಕಟ್ಟಿದ್ದರು. ಮುತ್ತು ಕಟ್ಟಿಸಿಕೊಂಡವಳಿಗೆ ಮದುವೆಯಿಲ್ಲ. ದೊಡ್ಡವಳಾದ ಮೇಲೆ ಊರ ಯಾವ ಗಂಡಸು ಬಾಗಿಲು ತಟ್ಟಿದರೂ ತೆರೆಯಬೇಕು. ಮೊದಲು ತಟ್ಟಿದವನು ಕೊಟ್ರಗೌಡ. ಅವನಿಗೆ ಹುಟ್ಟಿದವಳು ಮೈಲಮ್ಮ. ಅದು ಕೇರಿಗೂ ಗೊತ್ತಿತ್ತು, ಚಾವಡಿಗೂ ಗೊತ್ತಿತ್ತು. ಬಾಯಿ ಬಿಟ್ಟು ಅಂದವರಿರಲಿಲ್ಲ.

ಎಪ್ಪತ್ತೇಳರಲ್ಲಿ ಚಿಗಟೇರಿ ಕಡೆಯ ಹಳ್ಳಿಗಳಿಗೆ ಬೋರು ಕೊರೆಯಲು ಕೆನಡಾದಿಂದ ಆರ್ಥರ್ ಬಂದ. ಹುಲುಗಮ್ಮ ಪೈಪು ಹೊರುವ ಕೂಲಿಗೆ ಹೋದಳು. ಹರಕುಮುರುಕು ಕನ್ನಡ ಕಲಿತಿದ್ದ ಆ ಕೆಂಪು ಮುಖದವನು ಒಂದು ಸಂಜೆ, “ಕೈ ಹಿಡೀಲಾ?” ಎಂದು ಕೇಳಿದ. ಅಲ್ಲಿಯವರೆಗೆ ಯಾವ ಗಂಡಸೂ ಅವಳನ್ನು ಕೇಳಿರಲಿಲ್ಲ. ಬೇಡ ಅಂದಳು. ಅವನು ಹಿಡಿಯಲಿಲ್ಲ. ಎಷ್ಟೋ ದಿನದ ಮೇಲೆ ಅವಳೇ ಹಿಡಿದಳು.

ಮದುವೆಯಾದ ವರ್ಷದೊಳಗೆ ಅವನ ಕೆಲಸದ ಅವಧಿ ಮುಗಿಯಿತು. ತನ್ನ ದೇಶಕ್ಕೆ ಹೋಗಿ ಹೆಂಡತಿಯನ್ನೂ ಮಗಳನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದ. ದೆಹಲಿಯಲ್ಲಿದ್ದ ಕೆನಡಾದ ಕಚೇರಿಯವರು ಎರಡು ಕಾಗದ ಕೇಳಿದರು. ಹುಲುಗಮ್ಮನಿಗೆ ಬೇರೆ ಗಂಡ ಇಲ್ಲವೆಂದು ಕಂದಾಯದವರು ಬರೆದುಕೊಡಬೇಕು. ಮಗಳನ್ನು ಕರೆದೊಯ್ಯಲು ಹೆತ್ತ ತಂದೆ ಒಪ್ಪಿ ಸಹಿ ಹಾಕಬೇಕು. ತಂದೆ ಯಾರೆಂದು ಗೊತ್ತಿಲ್ಲದಿದ್ದರೆ ಅದನ್ನೂ ಕಂದಾಯದವರೇ ಬರೆಯಬೇಕು.

“ಗೌಡ್ರು ಹೂಂ ಅಂದ್ರ ಬರೀತೀನಿ,” ಅಂದ ಆರ್.ಐ. ಅವತ್ತು ಚಾವಡಿಯ ಮುಂದೆ ಜೀಪು ಹತ್ತಿದ.

ಮರುದಿನ ಹುಲುಗಮ್ಮ ಗೌಡನ ಹಿತ್ತಲಿಗೆ ಹೋದಳು. ಅವನು ದನದ ಕೊಟ್ಟಿಗೆ ತೋರಿಸಿದ. ಬಿಸಿಲು ನೆತ್ತಿಗೇರುವ ತನಕ ಸಗಣಿ ಬಾಚಿದಳು. ಆಮೇಲೆ ಅವನು ಬಂದು ಹೊಸ್ತಿಲ ಮೇಲೆ ಕೂತ.

“ಅಲ್ಲಿ ಹೋಗಿ ಕುರ್ಚಿ ಮ್ಯಾಲೆ ಕುಂದರ್ತಿಯೇನು?”

ಅವಳು ಗಂಜಲ ಬಳಿಯುತ್ತಲೇ ಇದ್ದಳು.

“ಹೋಗು. ನಾ ಬ್ಯಾಡ ಅನ್ನಂಗಿಲ್ಲ. ಹುಡುಗಿ ಇಲ್ಲೇ ಇರ್ಲಿ. ಭರತ ಹುಣ್ಣಿಮಿಗೆ ಆಕಿಗೆ ಮುತ್ತು ಕಟ್ಸು. ಒಂದು ಹೋದ್ರ ಒಂದು ಬೇಕಲ್ಲಲೇ ಅಮ್ಮಗ.”

“ಆಕಿ ನಿಮ್ಮ ಮಗಳ್ರಿ, ಗೌಡ್ರ.”

ಕೊಟ್ರಗೌಡ ಎದ್ದು ಬಂದು ಕುಕ್ಕರುಗಾಲಲ್ಲಿ ಕೂತಿದ್ದವಳ ಬಾಯಿಗೆ ಒದ್ದ. ಒಂದು ಹಲ್ಲು ಸಗಣಿಯಲ್ಲಿ ಬಿತ್ತು.

“ನಾಯಿ ಈದ ಮರೀಗೆಲ್ಲ ಅಪ್ಪನ್ನ ಹುಡುಕ್ತಾರೇನಲೇ, ರಂಡೆ? ಆ ಮಾತು ಇನ್ನೊಮ್ಮಿ ಬಾಯಾಗ ಬಂತಂದ್ರ ಕೇರಿ ಸುಡಸ್ತೀನಿ.”

ಸದ್ದಿಗೆ ಗೌಡನ ಹೆಂಡತಿ ನಾಗಲಿಂಗಮ್ಮ ಹೊರಗೆ ಬಂದಳು. ಕೈಯಲ್ಲಿ ತಂಗಳು ರೊಟ್ಟಿಯಿತ್ತು.

“ಏನಾತ್ರಿ?”

“ಎತ್ತು ಒದೀತು,” ಅಂದ ಗೌಡ.

ನಾಗಲಿಂಗಮ್ಮ ಎತ್ತುಗಳ ಕಡೆ ನೋಡಿದಳು. ಎರಡೂ ಹೊಲಕ್ಕೆ ಹೋಗಿದ್ದವು. ಅವಳು ಕೈ ತಾಗದ ಹಾಗೆ ರೊಟ್ಟಿಯನ್ನು ಮೇಲಿನಿಂದ ಹುಲುಗಮ್ಮನ ಸೆರಗಿಗೆ ಹಾಕಿ ಒಳಗೆ ಹೋದಳು.

ಗುಡಿಸಲಲ್ಲಿ ಅವ್ವ ದುರುಗಮ್ಮ ಅವಳ ಬಾಯಿಗೆ ಅರಿಶಿನ ಮೆತ್ತಿ, ಎಲ್ಲ ಕೇಳಿಸಿಕೊಂಡಳು. ಕೊನೆಗೆ ಅಂದಳು: “ಹೋಗಿಬಿಡು. ಹುಡುಗೀನ್ನ ನಾ ನೋಡ್ಕಂತೀನಿ. ಇಬ್ರೂ ಇಲ್ಲೇ ಕೊಳೆಯೋದಕ್ಕಿಂತ ಒಬ್ಬಾಕಿನಾದ್ರೂ ಬದುಕ್ಲಿ.”

“ನನಗ ಮುತ್ತು ಕಟ್ಸುವಾಗ್ಲೂ ಹಿಂಗ ಅಂದ್ಕಂಡಿದ್ದೇನಬೇ?”

ದುರುಗಮ್ಮ ಅರಿಶಿನದ ಬಟ್ಟಲನ್ನು ಕೆಳಗಿಟ್ಟಳು.

ಹುಲುಗಮ್ಮ ಎರಡು ದಿನ ಕೂಲಿಗೆ ಹೋಗಲಿಲ್ಲ. ಮೂರನೆಯ ದಿನ ಗೌಡನಿಗೆ ಹೇಳಿ ಕಳಿಸಿದಳು: ಹೂಂ, ಹುಡುಗಿ ಇಲ್ಲೇ ಇರುತ್ತಾಳೆ.

ಮುಂದಿನ ವಾರ ಆರ್.ಐ. ಮತ್ತೆ ಬಂದ. ಅವತ್ತು ಚಾವಡಿಯಲ್ಲಿ ಯಾರೂ ಅವಳನ್ನು ಬಯ್ಯಲಿಲ್ಲ. ಪೂಜಾರಿ ಜಂಬಯ್ಯ, ಮುತ್ತು ಕಟ್ಟುವುದು ದೇವರ ಕೆಲಸ, ಅದು ಸರ್ಕಾರದ ಲೆಕ್ಕದ ಮದುವೆ ಅಲ್ಲ ಎಂದು ಹೇಳಿಕೆ ಕೊಟ್ಟ. ಪಂಚರು ಹೆಬ್ಬೆಟ್ಟು ಒತ್ತಿದರು. ಗೌಡ ಸಹಿ ಹಾಕಿದ. ಹುಲುಗಮ್ಮನಿಗೆ ಬೇರೆ ಗಂಡ ಇಲ್ಲವೆಂಬ ಕಾಗದಕ್ಕೆ ಆರ್.ಐ. ಸಿಕ್ಕಾ ಒತ್ತಿ, ಶಾಯಿ ಆರಲೆಂದು ಮೇಜಿನ ಮೇಲಿಟ್ಟ.

“ಮುಗೀತಲ್ಲ? ಇನ್ನ ನಡಿ.”

ಹುಲುಗಮ್ಮ ಮೈಲಮ್ಮನಿಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಿ ತಲೆ ಬಾಚಿ ಕರೆತಂದಿದ್ದಳು. ಮುತ್ತು ಕಟ್ಟುವ ಹುಡುಗಿಯನ್ನು ತೋರಿಸಲು ತಂದಿದ್ದಾಳೆಂದು ಎಲ್ಲರೂ ಅಂದುಕೊಂಡಿದ್ದರು.

“ಇನ್ನೊಂದು ಕಾಗದ ಐತ್ರಿ, ಸಾಹೇಬ್ರ. ಹುಡುಗೀದು.”

“ಹುಡುಗಿ ಬರಂಗಿಲ್ಲಲ್ಲ?”

“ಬರ್ತಾಳ್ರಿ. ಅಪ್ಪನ ಒಪ್ಪಿಗಿ ಬೇಕಂತ.”

ಮಗಳನ್ನು ಎತ್ತಿಕೊಂಡು ಕಟ್ಟೆ ಹತ್ತಿದಳು. ಯಾರಿಗೂ ತಕ್ಷಣ ಏನು ಮಾಡಬೇಕೆಂದು ತೋಚಲಿಲ್ಲ. ನೇರವಾಗಿ ಹೋಗಿ, ಗೋಡೆಗೆ ಒರಗಿ ಕೂತಿದ್ದ ಕೊಟ್ರಗೌಡನ ತೊಡೆಯ ಮೇಲೆ ಮೈಲಮ್ಮನನ್ನು ಕೂರಿಸಿದಳು.

“ಇಲ್ಲೇ ಅದಾನ್ರಿ ಅಪ್ಪ. ಕೇಳ್ರಿ.”

ಹುಡುಗಿ ತಾನು ಬೀಳಬಾರದೆಂದು ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಗೌಡ ಮೈಮೇಲೆ ಹಾವು ಬಿದ್ದವನಂತೆ ಎದ್ದು ಅವಳನ್ನು ಕಿತ್ತು ಎಸೆದ. ಮೈಲಮ್ಮ ಕಟ್ಟೆಯ ಕಲ್ಲಂಚಿಗೆ ಬಡಿದು ಕೆಳಗೆ ಬಿದ್ದಳು.

ಹುಲುಗಮ್ಮ ಎಲ್ಲದಕ್ಕೂ ತಯಾರಾಗಿ ಬಂದಿದ್ದಳು. ತನ್ನನ್ನು ಹೊಡೆಯುತ್ತಾರೆ, ಕಾಗದ ಹೋಗುತ್ತದೆ, ಗುಡಿಸಲು ಕೀಳುತ್ತಾರೆ ಎಂದೆಲ್ಲ ಯೋಚಿಸಿದ್ದಳು. ಅವನು ಕೂಸನ್ನು ಎಸೆಯುತ್ತಾನೆಂದು ಮಾತ್ರ ಅಂದುಕೊಂಡಿರಲಿಲ್ಲ. ಹೆತ್ತವನ ಕೈ, ಒಂದು ಗಳಿಗೆಯಾದರೂ ಹಿಡಿದೀತು ಅಂದುಕೊಂಡಿದ್ದಳು.

“ಮೈಲಿಗಿ ಆತು! ನೀರು ತರ್ರಲೇ!” ಜಂಬಯ್ಯ ಕೂಗಿದ.

“ನನ್ನ ಹಾಸಿಗ್ಯಾಗ ಆಗದ ಮೈಲಿಗಿ ಕಟ್ಟಿ ಮ್ಯಾಲೆ ಹೆಂಗಾತ್ರಿ, ಗೌಡ್ರ?”

ಯಾರೋ ಅವಳ ಜುಟ್ಟು ಹಿಡಿದರು. ಯಾರೋ ಬೆನ್ನಿಗೆ ಗುದ್ದಿದರು. ಗೌಡ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ, ಆರ್.ಐ. ಶಾಯಿ ಆರದ ಕಾಗದವನ್ನು ತೆಗೆದು ನಾಲ್ಕಾಗಿ ಹರಿದ.

“ನಿನ್ನ ಕೆನಡಾ ಸತ್ತೋತಲೇ, ಬೋಸುಡಿ. ಇವಳು ನಡತಿಗೆಟ್ಟಾಕಿ ಅಂತ ದಿಲ್ಲಿಗೆ ನಾನೇ ಬರೀತೀನಿ.”

ಹುಲುಗಮ್ಮ ಹಿಡಿದವರಿಂದ ಬಿಡಿಸಿಕೊಂಡು ಕೆಳಗಿಳಿದು ಮಗಳನ್ನು ಎತ್ತಿಕೊಂಡಳು. ಹುಡುಗಿಯ ಹಣೆ ಒಡೆದು ಕಣ್ಣಿನ ಮೇಲೆ ರಕ್ತ ಇಳಿಯುತ್ತಿತ್ತು. ಕೇರಿಗೆ ಹೋಗುವ ಹಿಂದಿನ ದಾರಿ ಎಡಕ್ಕಿತ್ತು. ಅವಳು ಬಲಕ್ಕೆ ತಿರುಗಿದಳು. ಅದು ಗೌಡರ ಓಣಿ. ಓಣಿಯ ಆ ತುದಿಯಲ್ಲಿ ಹರಪನಹಳ್ಳಿಯ ಬಸ್ಸು ನಿಲ್ಲುತ್ತಿತ್ತು. ಕೇರಿಯವರು ಆ ಓಣಿಯ ನಡುವೆ ನಡೆದದ್ದು ಊರಲ್ಲಿ ಯಾರಿಗೂ ನೆನಪಿರಲಿಲ್ಲ.

ಬಾಗಿಲುಗಳು ತೆರೆದವು. ಹೆಂಗಸರು ಹೊರಗೆ ಬಂದು ನಿಂತರು. ಸುದ್ದಿ ಅವಳಿಗಿಂತ ಮೊದಲು ಮುಟ್ಟಿತ್ತು. ಮೈಲಿಗೆಯಾದ ಗಂಡನ ಸ್ನಾನಕ್ಕೆಂದು ನೀರಿನ ಕೊಡ ಹಿಡಿದು ದೊಡ್ಡ ಬಾಗಿಲಲ್ಲಿ ನಿಂತಿದ್ದ ನಾಗಲಿಂಗಮ್ಮ ಓಣಿಗಿಳಿದು ಅಡ್ಡ ಬಂದಳು.

“ನಿಲ್ಲು. ಯಾರ ಮಗಳಲೇ ಅದು?”

ಹುಲುಗಮ್ಮ ನಿಂತಳು. ಸೆರಗಿನಿಂದ ಮಗಳ ಮುಖದ ರಕ್ತ ಒರೆಸಿ, ಗದ್ದ ಹಿಡಿದು ಮೇಲೆತ್ತಿದಳು.

“ನನ್ನ ಕೇಳಬ್ಯಾಡ್ರಿ, ಅವ್ವಾರ. ನೋಡ್ರಿ.”

ನಾಗಲಿಂಗಮ್ಮ ನೋಡಿದಳು: ಗಂಡನದೇ ಮೂಗು, ಗಂಡನದೇ ಗದ್ದ. ಚಾವಡಿಯ ಕಡೆಯಿಂದ ಗಂಡಸರು ಓಡಿ ಬರುವ ಸದ್ದು ಕೇಳಿಸುತ್ತಿತ್ತು. ಅವಳು ದಾರಿ ಬಿಡಲೂ ಇಲ್ಲ, ಕೂಗಲೂ ಇಲ್ಲ. ಕೊಡ ವಾಲಿ ಅವಳ ಪಾದದ ಮೇಲೆ ನೀರು ಸುರಿಯುತ್ತಲೇ ಇತ್ತು.